ಅಪ್ಪನ ಫೋನಿಗೆ ಅತ್ತೆಯ ಕಿರುಬೆರಳು

ನಮ್ಮ ಸೋದರತ್ತೆ ಫೋನನ್ನು ಕಿರುಬೆರಳಿನಿಂದ ಒತ್ತುತ್ತಿದ್ದಳು. ಗಜೇಂದ್ರಗಡದ ನಮ್ಮ ಮನೆಯ ಮಗ್ಗದಲ್ಲಿ ಸೀರೆ ನೇಯ್ದೂ ನೇಯ್ದೂ ಅವಳ ಉಳಿದ ಬೆರಳ ತುದಿಗಳು ಎಷ್ಟು ಒರಟಾಗಿದ್ದವೆಂದರೆ, ಒತ್ತಿದ್ದು ಫೋನಿಗೆ ತಿಳಿಯುತ್ತಲೇ ಇರಲಿಲ್ಲ. ಕಿರುಬೆರಳನ್ನು ಸೆರಗಿಗೆ ಒರೆಸಿ, ಉಪ್ಪಿನಕಾಯಿಯ ರುಚಿ ನೋಡುವವಳಂತೆ ತುದಿಯಷ್ಟೇ ತಾಗಿಸುವಳು.

ತಾಗಿಸುತ್ತ ಬೈಯುವಳು. ಜಾಹೀರಾತಿನಲ್ಲಿ ‘ಎರಡೇ ಉಳಿದಿವೆ’ ಎಂದು ಕೆಂಪಕ್ಷರ ಬಂದರೆ ಕಿಸಕ್ಕನೆ ನಗುವಳು: “ಸೀರಿ ಮಾರೂಮುಂದ ನಾವೂ ಹಿಂಗ ಅಂತೀವಲ್ಲ! ಇದು ನಮ್ಮ ಪೈಕಿದ ಐತಿ ಬಿಡು.” ಜಾಹೀರಾತು ಮುಚ್ಚುವ ಗುರುತು ಸಿಗದಿದ್ದರೆ, “ನೋಡವಾ, ಒಳಗ ಬರಾಕ ಅಗಸಿ ಬಾಗಲಾ, ಹೊರಗ ಹೋಗಾಕ ಇಲಿ ಬಿಲ!” ಒಮ್ಮೆ ಕುಕ್ಕರಿನ ರಬ್ಬರ್ ಎಲ್ಲಿ ಸಿಗುತ್ತದೆಂದು ಫೋನನ್ನು ಕೇಳಿದ್ದೇ ತಪ್ಪಾಯಿತು. ಭಜನೆ ಹಾಕಿದರೂ ನಡುವೆ ಕುಕ್ಕರಿನ ಜಾಹೀರಾತು. “ಒಂದ್ ಸಲ ಕೇಳಿದ್ದಕ್ಕ ಹಿಂಗ ದುಂಬಾಲ ಬೀಳತೈತಲ್ಲ!” ಎಂದು ಹಣೆ ಚಚ್ಚಿಕೊಂಡಿದ್ದಳು.

ಆಗ ನನಗೆ ಇಟಗಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಬಸ್ಸು ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. “ಹಿಂಗ ತಡಾ ಆದ್ರ ಬ್ಯಾರೇದವ್ರನ್ನ ನೋಡ್ಕೋತೀವ್ರಿ ಟೀಚರ,” ಎಂದು ಹೆಡ್‌ಮಾಸ್ತರು ಹೇಳಿಬಿಟ್ಟರು. ಸ್ಕೂಟರ್ ಕೊಡಿಸೆಂದು ಅಪ್ಪನೆದುರು ಅತ್ತು ಕರೆದೆ. “ಹೆಣ್ಮಗಳು ಒಬ್ಬಾಕೀನ ಗಾಡಿ ಮ್ಯಾಲೆ? ಮಂದಿ ಏನಂದಾರು?” ಅಷ್ಟೇ ಅವನ ಉತ್ತರ. ಅತ್ತೆ ಬಾಯಿ ತೆರೆದರೆ, “ಅಕ್ಕಾ, ನೀ ಸುಮ್ಕಿರು.”

“ನಾ ಹೇಳಿದ್ರ ಕೇಳಂಗಿಲ್ಲ, ಫೋನ್ ಹೇಳಿದ್ರ ಕೇಳತಾನ,” ಎಂದಳು ಅತ್ತೆ. ಮೊದಲು ತನ್ನ ಫೋನಿನಲ್ಲೇ ಸ್ಕೂಟರ್ ಹುಡುಕಿ ರೂಢಿ ಮಾಡಿಕೊಂಡಳು. ಆಮೇಲೆ ಅಪ್ಪ ಉಂಡು ಅಡ್ಡಾದಾಗ ಅವನ ಫೋನ್ ಎತ್ತಿಕೊಂಡು, ಮೈಕಿನ ಗುರುತಿಗೆ ಕಿರುಬೆರಳು ತಾಗಿಸಿ ಪಿಸುಗುಟ್ಟಿದಳು: “ಹುಡುಗ್ಯಾರ ಸ್ಕೂಟರ್. ಟೀಚರ್ ಸ್ಕೂಟರ್. ಭಾಳ ಚಲೋ ಸ್ಕೂಟರ್.” ಬಂದ ಚಿತ್ರಗಳನ್ನೆಲ್ಲ ತೆರೆ ತೆರೆದು ನೋಡಿದಳು. ನನಗೆ ನಗೆಯೂ ತಡೆಯದು, ಅಂಜಿಕೆಯೂ ಬಿಡದು.

“ಇದು ಮೋಸ ಅಲ್ಲೇನ ಅತ್ತಿ?”

“ಈ ಜಾಹೀರಾತಿನವರು ನಮಗ ದಿನಾ ಮಾಡ್ತಾರ. ನಾವು ಒಮ್ಮೆ ಮಾಡಿದ್ವಿ, ತಗೋ!”

ಕೆಲವೇ ದಿನಗಳಲ್ಲಿ ಅಪ್ಪನ ಫೋನ್ ತುಂಬ ಸ್ಕೂಟರ್ ಹುಡುಗಿಯರು. ಮಳೆಯ ಸುದ್ದಿಯ ಕೆಳಗೆ ಒಬ್ಬಳು, ಕುಸ್ತಿಯ ನಡುವೆ ಇನ್ನೊಬ್ಬಳು. “ಏನಕ್ಕಾ ಇದು! ಮಂದಿ ಮಕ್ಕಳೆಲ್ಲಾ ಗಾಡಿ ಹೊಡ್ಯಾಕ ಹತ್ಯಾರ, ನಮ್ಮಾಕಿ ಒಬ್ಬಾಕಿ ಬಸ್‌ಸ್ಟ್ಯಾಂಡಿನ್ಯಾಗ ನಿಂತಾಳ!” ಎಂದ ಅಪ್ಪ. ಅತ್ತೆ ಮಗ್ಗದಿಂದ ತಲೆ ಎತ್ತಲಿಲ್ಲ. “ಹೌದೇನ ತಮ್ಮಾ?” ಎಂದಳು.

ಮರುದಿನ ಅವನೇ ಗಡಿಬಿಡಿ ಮಾಡಿದ. “ಲಗೂ ಬರ್ರಿ, ಸ್ಕೂಟರ್ ರೇಟ್ ಇಳಿಸ್ಯಾರ, ಇವತ್ತ ಕಡೀ ದಿನಂತ!” ಫೋನಿನಲ್ಲಿ ಗಡಿಯಾರವೊಂದು ನಿಮಿಷ ಇಳಿಸುತ್ತಿತ್ತು. ಅಪ್ಪ ಒತ್ತುವ ಮೊದಲೇ ಅತ್ತೆ ಫೋನ್ ಕಸಿದುಕೊಂಡಳು. “ಅದರಾಗ ಒತ್ತಬ್ಯಾಡ. ಆ ಕಡೀ ದಿನಾ ನಿನ್ನೆನೂ ಇತ್ತು, ನಾಳೆನೂ ಇರತೈತಿ. ರೋಣಕ್ಕ ಹೋಗಿ, ಅಂಗಡ್ಯಾಗ ಮುಟ್ಟಿ ನೋಡಿ ತರೂಣು.” ಹಾಗೇ ತಂದೆವು. ನನ್ನ ಕೆಲಸ ಉಳಿಯಿತು.

ಮೊದಲ ಭಾನುವಾರ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಇಟಗಿ ಭೀಮವ್ವನ ಗುಡಿಗೆ ಹೋದೆ. ದಾರಿಯುದ್ದಕ್ಕೂ “ಜೋರ ಹೊಡಿ, ಆ ಟ್ರ್ಯಾಕ್ಟರ್ ಹಿಂದ ಹಾಕು!” ಎಂದು ಕೂಗುತ್ತಿದ್ದಳು. ಗುಡಿಯ ಮುಂದೆ ಇಳಿದು ಹ್ಯಾಂಡಲ್ ಸವರಿದಳು. “ನೀನೂ ಕಲಿ ಅತ್ತಿ,” ಎಂದೆ. “ಹುಚ್ಚಿ! ಈ ವಯಸ್ಸಿನ್ಯಾಗ?” ಎಂದು ನಕ್ಕುಬಿಟ್ಟಳು.

ಹೋದ ಶ್ರಾವಣದಲ್ಲಿ ಅತ್ತೆ ತೀರಿಕೊಂಡಳು. ಅವಳ ಫೋನ್ ಈಗ ನನ್ನ ಹತ್ತಿರ ಇದೆ. ತೆರೆದರೆ ಸಾಕು, ಹೆಲ್ಮೆಟ್, ಬಣ್ಣದ ಬ್ಯಾಗು, ಹೊಸ ಹೊಸ ಸ್ಕೂಟರ್. ನನ್ನ ಗಾಡಿ ಬಂದು ಎಷ್ಟೋ ವರ್ಷವಾಯಿತು. ಅಂದರೆ ಅತ್ತೆ ಸ್ಕೂಟರ್ ನೋಡುವುದನ್ನು ಬಿಟ್ಟೇ ಇರಲಿಲ್ಲ. ಆ ಫೋನು ಅವಳನ್ನು ಇನ್ನೂ ಕಾಲೇಜು ಹುಡುಗಿ ಎಂದೇ ತಿಳಿದಿದೆ. ನಾನೂ ತಿದ್ದಲು ಹೋಗಿಲ್ಲ. ‘ಈ ಜಾಹೀರಾತು ನಿಮಗೆ ಇಷ್ಟವಾಯಿತೇ?’ ಎಂದು ಕೇಳಿದಾಗಲೆಲ್ಲ ಕಿರುಬೆರಳನ್ನು ಸೆರಗಿಗೆ ಒರೆಸಿಕೊಂಡು ‘ಹೌದು’ ಒತ್ತುತ್ತೇನೆ.