ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು

ವೈಟ್‌ಫೀಲ್ಡಿನ ನಮ್ಮ ಹೊಸ ಚರ್ಚಿನ ಮಣ್ಣಿನ ಗೋಡೆಗೆ ಗಿಲಾವು ಮಾಡಿಲ್ಲ. ಬೆಳಿಗ್ಗೆ ಒಳಗೆ ಕಾಲಿಟ್ಟರೆ ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ಅದು ಅಪ್ಪನ ಅಂಗಿಯ ವಾಸನೆ. ಅಪ್ಪ ಗಾರೆ ಕೆಲಸದವರು, ಗೋಡೆ ನೇರ ಬರಲೆಂದು ದಾರ ಕಟ್ಟದೆ ಒಂದು ಇಟ್ಟಿಗೆಯನ್ನೂ ಇಟ್ಟವರಲ್ಲ. ಈ ಕಟ್ಟಡದಲ್ಲಿ ದಾರ ಕಟ್ಟುವ ಜಾಗವೇ ಇಲ್ಲ. ಗೋಡೆ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡು ಒಳಗೆ ಹೋಗುತ್ತದೆ. ಚಾವಣಿ ಎಲೆಯಂತೆ ಬಾಗಿದೆ. ಮೊದಲಿನಿಂದ ಇದ್ದ ಹೊಂಗೆಮರವನ್ನು ಕಡಿಯದೆ ಅದರ ಬುಡವನ್ನೂ ಒಳಗೆ ಸೇರಿಸಿಕೊಂಡಿದ್ದಾರೆ. ಬಲಿಪೀಠ ನಡುವೆ, ಬೆಂಚುಗಳು ಸುತ್ತಲೂ.

ಹಳೆಯ ಚರ್ಚು ಉದ್ದನೆಯ ನೇರ ಕೋಣೆ. ಅದರ ಹಿಂದೆಯೇ ನಮ್ಮ ಎರಡು ಕೋಣೆಯ ಮನೆ. ಈಗ ಅಲ್ಲಿ ಯಾವುದೋ ಕಂಪನಿಯ ಕಾರುಗಳು ನಿಲ್ಲುತ್ತವೆ. ನಿಮ್ಮ ಹಳೆಯ ಮನೆಯ ಜಾಗದಲ್ಲೂ ಇಂಥದ್ದೇನೋ ಎದ್ದಿರಬಹುದು. ಆಗೆಲ್ಲ ಭಾನುವಾರ ಬೆಳಿಗ್ಗೆ ಐದಕ್ಕೆ ಏಳಬೇಕಿತ್ತು, ತಣ್ಣೀರ ಸ್ನಾನ, ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ತನಕ ಕಾಫಿ ಇಲ್ಲ. ಚರ್ಚಿನಲ್ಲಿ ಚಾಪೆಯ ಮೇಲೆ ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು. ನನಗೆ ಎಂಟು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಮುಂದಿನ ಭಾನುವಾರ ಅಪ್ಪನೇ ನನಗೆ ಜಡೆ ಹಾಕಿದರು. ಅಷ್ಟು ನೇರ ಗೋಡೆ ಎಬ್ಬಿಸುವವರು ತೆಗೆದ ಬೈತಲೆ ಸೊಟ್ಟಗಿತ್ತು. ಅವರ ಬೆರಳು ಬಿಡದೆ ನಾನೂ ಬಲಗಡೆ ಹೋಗಿ ಕೂತೆ. ನೆರೆಮನೆಯ ಮರಿಯಮ್ಮಜ್ಜಿ ನಡುವಿನ ದಾರಿ ದಾಟಿ ಬಂದಳು.

"ಏನೇ ಹುಡ್ಗಿ, ಮೀಸೆ ಬಂದೈತಾ ನಿಂಗೆ? ಎದ್ದೇಳು, ಆ ಕಡೆ ನಡಿ."

ಹಿಂದೆ ಯಾರೋ ನಕ್ಕರು. ಅಪ್ಪ ಮೆಲ್ಲಗೆ ನನ್ನ ಕೈ ಬಿಡಿಸಿದರು. ಆಮೇಲೆ ಅವರು ಬದುಕಿದ್ದಷ್ಟು ಕಾಲ ಚರ್ಚಿನಲ್ಲಿ ಅವರ ಪಕ್ಕ ನಾನು ಕೂರಲೇ ಇಲ್ಲ. ಹೆಂಗಸರ ಸಾಲಿನಿಂದ ನನಗೆ ಕಾಣುತ್ತಿದ್ದದ್ದು ಅವರ ಒಂದು ಕಿವಿ ಮತ್ತು ಎಷ್ಟು ಉಜ್ಜಿದರೂ ಹೋಗದ, ಕತ್ತಿನ ಮೇಲಿನ ಸುಣ್ಣದ ಚುಕ್ಕೆಗಳು.

ಹೊಸ ಚರ್ಚಿನ ಮೊದಲ ಭಾನುವಾರ ರೂಢಿಯಂತೆ ಹತ್ತು ನಿಮಿಷ ಮುಂಚೆಯೇ ಹೋದೆ. ಎಡ ಯಾವುದು, ಬಲ ಯಾವುದು ತಿಳಿಯದೆ ಎರಡು ಸುತ್ತು ನಡೆದೆ. ಕೊನೆಗೆ ಒಂದು ಬೆಂಚಿನಲ್ಲಿ ಕೂತು, ಪಕ್ಕದ ಜಾಗದಲ್ಲಿ ಕೈಚೀಲ ಇಟ್ಟೆ. ಜಾಗ ಹಿಡಿಯುವ ಅಭ್ಯಾಸ ನನ್ನದಲ್ಲ, ಅಂದು ಹಿಡಿದೆ. ಜನ ತುಂಬಿದರು. ಮಗಳನ್ನು ಎತ್ತಿಕೊಂಡಿದ್ದ ಯುವಕನೊಬ್ಬ ಬಂದು ನಿಂತ.

"ಇಲ್ಲಿ ಯಾರಾದ್ರೂ ಬರ್ತಾರಾ ಆಂಟಿ?"

ಹೌದು ಅನ್ನಬೇಕೆನಿಸಿತು.

"ಇಲ್ಲಪ್ಪ, ಕೂತ್ಕೊ," ಅಂದು ಚೀಲ ತೆಗೆದೆ.

ಮಗು ಅವನ ತೊಡೆಯ ಮೇಲೆಯೇ ಪೂಜೆ ಮುಗಿಯುವ ತನಕ ನಿದ್ದೆ ಮಾಡಿತು. ಯಾರೂ ಎಬ್ಬಿಸಲಿಲ್ಲ.