ಹತ್ತೊಂಬತ್ತು ಪದರ ಸುಣ್ಣ

ಶಹಾಪುರದಿಂದ ಸುರಪುರಕ್ಕೆ ಹೊರಡುವ ಮೊದಲ ಬಸ್ಸು ನಿಲ್ದಾಣವಿಲ್ಲದ ಒಂದು ತಿರುವಿನಲ್ಲಿ ನಿಲ್ಲುತ್ತದೆ. ಯಾರೂ ನಿಲ್ಲಿಸೆಂದು ಕೇಳುವುದಿಲ್ಲ. ಕಂಡಕ್ಟರ್ ತಾನೇ ಸೀಟಿ ಊದುತ್ತಾನೆ. ನಸೀರುದ್ದೀನ ಇಳಿಯುತ್ತಾರೆ. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಅವರ ಕೈಗೆ ಸುಣ್ಣದ ಕ್ಯಾನು ದಾಟಿಸುತ್ತಾನೆ, ಚೆಲ್ಲದಂತೆ ಅಡಿಗೆ ಇನ್ನೊಂದು ಅಂಗೈ ಕೊಟ್ಟು. ಬಸ್ಸು ಹೋದ ಮೇಲೆ ರಸ್ತೆಯಲ್ಲಿ ಉಳಿಯುವವರು ಅವರೊಬ್ಬರೇ.

ಇನ್ನೂ ಬೆಳಕು ಹರಿದಿಲ್ಲ. ಎದುರಿಗೆ ಜೇನಗುಡ್ಡ, ಬಂಡೆಯ ಮೇಲೆ ಬಂಡೆ ಕೂತ ಒಂದು ಕಪ್ಪು ಆಕಾರ. ಅವರು ತಲೆಗೆ ಟವೆಲ್ ಸುತ್ತಿ, ಕ್ಯಾನನ್ನು ಹೆಗಲಿಗೇರಿಸಿ ಹತ್ತತೊಡಗುತ್ತಾರೆ. ಎಲ್ಲೋ ಕೌಜುಗ ಕೂಗುತ್ತದೆ. ಅರ್ಧ ಗಂಟೆಯ ನಂತರ ಎದೆಯೆತ್ತರದ ಒಂದು ಕಲ್ಲುಗುಪ್ಪೆ ಸಿಗುತ್ತದೆ. ಕಾಡು ಇಲ್ಲಿಂದ ಶುರು ಎಂದು ಹೇಳುವ ಗುರುತು ಅದು. ಪುಂಡಿ ನಾರಿನ ಕುಂಚವನ್ನು ಅದ್ದಿ ಮೇಲಿನಿಂದ ಕೆಳಗೆ ಎಳೆಯುತ್ತಾ ಅವರು ಗುಪ್ಪೆಯ ನಂಬರನ್ನು ಗಟ್ಟಿಯಾಗಿ ಹೇಳುತ್ತಾರೆ: "ಮೂವತ್ತೆಂಟು!"

ಅವರ ಬಗ್ಗೆ ಬರೆಯಲೆಂದು ಒಂದು ದಿನ ಜೊತೆಗೆ ಹತ್ತಿದ ನಾನು, ಯಾರಿಗೆ ಹೇಳಿದ್ದು ಎಂದು ಕೇಳಿದೆ.

"ಯಾರಿಗೂ ಅಲ್ರಿ ಅಮ್ಮಾರ. ದಿನಕ್ಕ ಒಮ್ಮೆರ ನನ್ನ ದನಿ ನನಗ ಕೇಳಬೇಕಲ್ರಿ," ಎಂದು ನಗುತ್ತಾರೆ.

ನಸೀರುದ್ದೀನರಿಗೆ ಐವತ್ತೆಂಟು. ಅರಣ್ಯದ ದಿನಗೂಲಿ ಕಾವಲುಗಾರ. ಗುಡ್ಡದ ಸುತ್ತ ಹದಿನಾಲ್ಕು ಕಿಲೋಮೀಟರ್ ಗಡಿ, ಅದರ ಮೇಲೆ ನೂರ ಹನ್ನೆರಡು ಗುಪ್ಪೆಗಳು. ವರ್ಷವಿಡೀ ದಿನಕ್ಕೆ ಎಂಟು ಕಿಲೋಮೀಟರ್ ನಡೆದು ಅವನ್ನು ನೋಡಿಕೊಂಡು ಬರುತ್ತಾರೆ. ಮಳೆಗಾಲ ಮುಗಿದ ಮೇಲೆ ಪ್ರತಿಯೊಂದಕ್ಕೂ ಒಂದು ಕೈ ಸುಣ್ಣ ಹಚ್ಚುತ್ತಾರೆ. ಒಂದು ಕ್ಯಾನಿಗೆ ಮೂರು ಗುಪ್ಪೆ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಹೆಚ್ಚಿನ ದಿನ ಒಬ್ಬ ಮನುಷ್ಯನೂ ಎದುರಾಗುವುದಿಲ್ಲ. ಸೀತಾಫಲದ ಕಾಲದಲ್ಲಿ ಹಣ್ಣು ಕೀಳುವ ಹೆಂಗಸರು ಬರುತ್ತಾರೆ, ಆ ಒಂದು ತಿಂಗಳು ಗುಡ್ಡಕ್ಕೆ ಮಾತು ಬರುತ್ತದೆ.

"ಮೊದಲ ಹಾಡ್ತಿದ್ದೆ. ಈಗ ಅದನ್ನೂ ಬಿಟ್ಟೀನ್ರಿ. ಕೇಳೋರು ಇಲ್ಲಂದ್ರ ಹಾಡು ನಡುವs ನಿಂತುಬಿಡತದ."

ಮೇಲಿನಿಂದ ನೋಡಿದರೆ ಊರು ಗುಡ್ಡದ ಕಡೆಗೆ ಎಷ್ಟು ಬಂದಿದೆ ಎಂಬುದು ತಿಳಿಯುತ್ತದೆ. ಹತ್ತಿ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಲೇಔಟಿನ ಬಣ್ಣದ ಬಾವುಟಗಳು, ಕೆಮ್ಮಣ್ಣಿನ ರಸ್ತೆಗಳು, ಮನೆಯಿಲ್ಲದ ಓಣಿಗಳಿಗೆ ಬೀದಿದೀಪದ ಕಂಬಗಳು. ಗುಡ್ಡದ ತಂಪು ಗಾಳಿ ನಿಮ್ಮ ಬಾಗಿಲಿಗೆ ಎಂದು ಬರೆದ ಫಲಕವೊಂದು ಗುಡ್ಡಕ್ಕೆ ಬೆನ್ನು ಮಾಡಿ ನಿಂತಿದೆ. ಬಂಡೆಗಳ ನಡುವೆ ಒಂದು ದೊಣೆಯಿದೆ. ಬೇಸಿಗೆಯಲ್ಲೂ ಅದರಲ್ಲಿ ಮೊಣಕಾಲುದ್ದ ನೀರು. ನವಿಲು, ಮುಳ್ಳುಹಂದಿ, ನರಿ ಎಲ್ಲಕ್ಕೂ ಅದೊಂದೇ. ದೊಣೆಗೂ ಬಾವುಟಗಳಿಗೂ ನಡುವೆ ಇರುವುದು ಈ ಬಿಳಿ ಗುಪ್ಪೆಗಳ ಸಾಲು ಮಾತ್ರ. ಗೋಡೆಯಿಲ್ಲ, ತಂತಿಯಿಲ್ಲ.

ಸುಣ್ಣ ಅವರ ಮನೆತನದ ಕೆಲಸ. ತಂದೆಯ ಕಾಲದಲ್ಲಿ ಯುಗಾದಿ, ರಂಜಾನು, ದೀಪಾವಳಿ ಬಂದರೆ ಶಹಾಪುರದ ಅರ್ಧ ಮನೆಗಳ ಗೋಡೆ ಇವರ ಕೈಯಲ್ಲೇ. ಆಮೇಲೆ ಡಬ್ಬಿಯ ಬಣ್ಣ ಬಂತು. ಒಂದು ಸಲ ಯಾರೋ ದೊಡ್ಡ ಅಧಿಕಾರಿ ಬರುತ್ತಾರೆಂದು ಗುಪ್ಪೆಗಳಿಗೆ ಸುಣ್ಣ ಹಚ್ಚಲು ಮೂರು ದಿನಕ್ಕೆ ಕರೆದರು. ಆ ಮೂರು ದಿನ ಹತ್ತೊಂಬತ್ತು ವರ್ಷವಾಗಿದೆ. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ, ಹಳೆಯ ದುಪಟ್ಟಾದಲ್ಲಿ ಸೋಸಿಯೇ ಒಯ್ಯುತ್ತಾರೆ. ಬಿಟ್ಟುಹೋದ ಕಲ್ಲೊಂದು ಕಂಡರೆ ಅವರಿಗೆ ಮುಂದೆ ಹೆಜ್ಜೆಯಿಡಲಾಗದು.

ಮನೆಯಲ್ಲಿ ಹೆಂಡತಿ ಸರ್ವರಬೇಗಂ ಚಹಾ ಕೊಟ್ಟು ಗೋಡೆಯ ಕಡೆ ಕೈ ತೋರಿಸುತ್ತಾರೆ. "ನೋಡ್ರಿ ಬಾಯಾರ, ಮೂರು ವರ್ಷ ಆತು ಈ ಗ್ವಾಡಿ ಕರ್ರಗಾಗಿ. ನಮ್ಮೋರಿಗೆ ಗುಡ್ಡದ ಮ್ಯಾಲೆ ದಿನಾ ಈದ್."

"ಗ್ವಾಡಿನ ಯಾರೂ ಕದ್ದು ಒಯ್ಯಂಗಿಲ್ಲಲ್ಲ," ಎನ್ನುತ್ತಾರೆ ನಸೀರುದ್ದೀನ.

ಕದ್ದೊಯ್ದದ್ದು ಗುಪ್ಪೆಗಳನ್ನೇ. ಅದನ್ನು ಹೇಳುವಾಗ ಅವರು ಚಹಾದ ಲೋಟ ಕೆಳಗಿಡುತ್ತಾರೆ.

ಕಳೆದ ಮಳೆಗಾಲದ ಕೊನೆಗೆ ಅವರಿಗೆ ಕೀಲುಗಳನ್ನು ಹಿಂಡುವ ಜ್ವರ ಬಂದು ಮೂರು ವಾರ ಮಲಗಿದರು. ಅವರ ಬದಲಿಗೆ ಗುಡ್ಡಕ್ಕೆ ಹೋಗಲು ಬೇರೆ ಆಳಿರಲಿಲ್ಲ. ಆ ಮೂರು ವಾರದಲ್ಲಿ ಯಾರೋ ನಲವತ್ತೊಂದು, ನಲವತ್ತೆರಡು, ನಲವತ್ತಮೂರನೆಯ ಗುಪ್ಪೆಗಳನ್ನು ಕಿತ್ತು, ಇನ್ನೂರು ಹೆಜ್ಜೆ ಮೇಲೆ, ದೊಣೆಯ ಆಚೆಗೆ, ಬೇರೆ ಕಲ್ಲಿನಿಂದ ಅಂಥವೇ ಮೂರು ಪೇರಿಸಿದ್ದರು. ನಂಬರನ್ನೂ ಹಾಗೇ ಬರೆದಿದ್ದರು. ಹದಿನಾಲ್ಕು ಎಕರೆ ಗುಡ್ಡ ಗಡಿಯಿಂದ ಹೊರಗೆ ಬಿತ್ತು.

ಜ್ವರ ಬಿಟ್ಟು ಬಂದ ನಸೀರುದ್ದೀನ ಆ ವರ್ಷದ ಸುಣ್ಣಕ್ಕೆ ತೊಡಗಿದರು. ಹುಲ್ಲು ಎದೆಮಟ್ಟ. ನಲವತ್ತರ ಬಳಿ ನಿಂತು ಮುಂದಿನ ಗುಪ್ಪೆಗಾಗಿ ಕಣ್ಣಾಡಿಸಿದರು, ಕಂಡದ್ದರ ಕಡೆಗೆ ಹತ್ತಿದರು, ಹಚ್ಚಿದರು. ಮೂರಕ್ಕೂ.

"ದಾರಿ ದೂರ ಅನಸ್ತು. ಜ್ವರ ಬಂದ ಕಾಲು, ಹಂಗ ಅನಸತದ ಅಂದ್ಕೊಂಡೆ. ಕಲ್ಲು ಕರ್ರಗಿತ್ತು, ಮಳಿಗೆ ಪಾಚಿ ಹಿಡದದ ಅಂದೆ. ಮೂರನೇದು ಅರ್ಧ ಆಗೂದ್ರಾಗ ಕ್ಯಾನ್ ಖಾಲಿ. ಹೊಸ ಕಲ್ಲು ಸುಣ್ಣ ಕುಡೀತದ್ರಿ, ಹಳೇದು ಕುಡಿಯಂಗಿಲ್ಲ. ನಾ ಸಣ್ಣಾವಿದ್ದಾಗs ನಮ್ಮಪ್ಪ ಕಲಿಸ್ಯಾನ. ಅದೂ ತಲಿಗೆ ಹತ್ತಲಿಲ್ಲ. ಕೈ ನಡಗಾಕತ್ತಾವ, ಚೆಲ್ಲಿರಬೇಕು ಅಂದೆ. ಮರುದಿನ ಮತ್ತ ಸುಣ್ಣ ಹೊತ್ತು ಹೋಗಿ ಪೂರಾ ಮಾಡಿ ಬಂದೆ. ಎಷ್ಟು ಶಾಣ್ಯಾ ನೋಡ್ರಿ!"

ತಿಳಿದದ್ದು ಹನ್ನೊಂದು ದಿನಗಳ ಮೇಲೆ, ಬಿಳಿ ಗುಪ್ಪೆಗಳ ಕೆಳಗೆ, ದೊಣೆಯ ಸುತ್ತ, ಪ್ಲಾಟಿನ ಗೂಟಗಳು ಕಂಡಾಗ. ನೆಟ್ಟಗೆ ಹೋಗಿ ಅರಣ್ಯ ರಕ್ಷಕಿ ದಾನೇಶ್ವರಿಯವರ ಮುಂದೆ ನಿಂತು, ತಾವು ಮಾಡಿದ್ದನ್ನು ತಾವೇ ಹೇಳಿದರು. ಮಗಳ ವಯಸ್ಸಿನ ಆಕೆ ಬೈಯಲಿಲ್ಲ. ಕುರ್ಚಿ ಸರಿಸಿ, "ಮೊದಲ ಕುಂದರ್ರಿ ಕಾಕಾ, ನೀರು ಕುಡೀರಿ," ಎಂದರಂತೆ. ಅದನ್ನು ನಸೀರುದ್ದೀನ ನನಗೆ ಎರಡು ಸಲ ಹೇಳಿದರು.

ಸರ್ವೆಯವರು ಬಂದು ಗಡಿ ಅಳೆದು ಗೊತ್ತುಮಾಡುವುದಕ್ಕೆ ಹದ್ದುಬಸ್ತು ಎನ್ನುತ್ತಾರೆ. ಅದು ನಡೆದ ದಿನ ನಾನೂ ಅಲ್ಲಿದ್ದೆ. ಲೇಔಟಿನ ಮ್ಯಾನೇಜರ್ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ: ಕುಂಚ ಹಿಡಿದ ನಸೀರುದ್ದೀನ, ಪಕ್ಕದಲ್ಲಿ ನಲವತ್ತೆರಡು ಎಂದು ಬರೆದ ಗುಪ್ಪೆ. ತೆಗೆದವನು ಲೇಔಟಿನ ಕಾವಲುಗಾರ ತಿಮ್ಮಣ್ಣ. ಕಡೇಚೂರಿನ ಕಡೆಯವನು, ಇಳಿಜಾರಿನ ಕೆಳಗೆ ತಗಡಿನ ಶೆಡ್ಡಿನಲ್ಲಿ ಒಬ್ಬನೇ ಇರುತ್ತಾನೆ. ಇವರಿಬ್ಬರೂ ಬೇರೆ ಬೇರೆ ಕಡೆಯ ಕಾವಲು. ಆದರೂ ಎರಡು ವರ್ಷ ದಿನಾ ಮಧ್ಯಾಹ್ನ, ಇವರು ಗುಡ್ಡ ಇಳಿದ ಮೇಲೆ, ಒಟ್ಟಿಗೆ ಚಹಾ ಕುಡಿದವರು. "ಫೋಟೊ ಚಲೋ ಬಂದದ ಮಾಮಾ," ಎಂದು ಅವನು ಅಂದು ತೋರಿಸಿಯೂ ಇದ್ದ. ಮಾಲೀಕರು ಅದನ್ನು ಹೀಗೆ ಬಳಸುತ್ತಾರೆಂದು ಅವನಿಗೆ ತಿಳಿದಿರಲಿಲ್ಲ. ಗೂಟಗಳು ಕಂಡ ದಿನದಿಂದ ಇಬ್ಬರ ಚಹಾ ನಿಂತಿತ್ತು.

"ಇಲಾಖೆ ಮನಷ್ಯಾನs ಸುಣ್ಣ ಹಚ್ಯಾನ್ರಿ. ಇನ್ನೇನು ಅಳೀತೀರಿ?" ಎಂದ ಮ್ಯಾನೇಜರ್.

ಸರ್ವೆಯವರು ನಸೀರುದ್ದೀನರನ್ನು ನೋಡಿದರು.

"ಹೌದ್ರಿ, ನಾನs ಹಚ್ಚೀನಿ. ತಪ್ಪ ಹಚ್ಚೀನಿ."

"ಕೇಳಿದ್ರ್ಯಾ? ಮೂರರಾಗ ತಪ್ಪಿದಾಂವ ನೂರರಾಗ ಎಷ್ಟು ತಪ್ಯಾನೋ! ಇಡೀ ಗುಡ್ಡನs ಮತ್ತ ಅಳೀರಿ ಹಂಗಾರ."

ನಸೀರುದ್ದೀನ ಜೇಬಿನಿಂದ ಚಾಕು ತೆಗೆದು ಆ ಗುಪ್ಪೆಯ ಕಲ್ಲನ್ನು ಕೆರೆದರು. ಒಂದು ತೆಳು ಪದರ ಉದುರಿ ಕೆಳಗೆ ಬರೀ ಕಲ್ಲು ಕಂಡಿತು. "ಇದು ಈ ವರ್ಷದ್ದು. ನನ್ನ ಗುಪ್ಪಿ ಇದ್ರ ಹತ್ತೊಂಬತ್ತು ಪದರ ಇರಬೇಕು." ಹಳೆಯ ಕಲ್ಲುಗಳೆಲ್ಲಿ ಎಂದು ಸರ್ವೆಯವರು ಕೇಳಿದರು. ಎಲ್ಲರೂ ಹುಡುಕುತ್ತಾ ತಗಡಿನ ಶೆಡ್ಡಿನವರೆಗೆ ಇಳಿದರು.

ಆಗ ಶೆಡ್ಡಿನ ಮುಂದಿದ್ದ ತಿಮ್ಮಣ್ಣ ತನ್ನ ಒಲೆಯ ಮೇಲಿನ ಅನ್ನದ ಪಾತ್ರೆ ಇಳಿಸಿದ. ಒಲೆಗೆ ಇಟ್ಟಿದ್ದ ಮೂರು ಕಲ್ಲುಗಳಲ್ಲಿ ಒಂದನ್ನು ಕಾಲಿನಿಂದ ಉರುಳಿಸಿದ. "ನಾ ಬಂದಾಗ ಇವು ಇಲ್ಲಿ ಇರಲಿಲ್ರಿ, ಹ್ವಾದ ಮಳಿಗಾಲದಾಗ ಬಂದಾವ. ನಿನ್ನವೇನು ನೋಡು ಮಾಮಾ," ಎಂದ. ಮ್ಯಾನೇಜರನ ಕಡೆ ನೋಡಲಿಲ್ಲ. ಮಸಿಯ ಕೆಳಗೆ ಸುಣ್ಣ ರೊಟ್ಟಿಯಷ್ಟು ದಪ್ಪವಿತ್ತು. ಚಾಕುವಿನ ತುದಿಯಿಂದ ಸರ್ವೆಯವರೇ ಪದರ ಎಣಿಸಿದರು, ಹದಿನೆಂಟು ಸಿಕ್ಕವು. ಈ ವರ್ಷದ್ದು ಮೇಲಿನ ಸುಳ್ಳು ಗುಪ್ಪೆಗೆ ಹೋಗಿತ್ತಲ್ಲ. ಆಮೇಲೆ ಹಳೆಯ ನಕ್ಷೆ ಹಿಡಿದು ಸರಪಳಿ ಎಳೆದಾಗ, ಹುಲ್ಲಿನಡಿ ಮೂರೂ ಗುಪ್ಪೆಗಳ ಬುಡ ಸಿಕ್ಕಿತು. ಹದಿನಾಲ್ಕು ಎಕರೆ ಮತ್ತೆ ಕಾಡಿನದಾಯಿತು.

ಸಂಜೆ ದಾನೇಶ್ವರಿ ಹೇಳಿಕೆ ಬರೆದರು. ನಸೀರುದ್ದೀನರನ್ನು ಕಾಪಾಡಲೆಂದು, ಸಿಬ್ಬಂದಿಯ ಕಣ್ತಪ್ಪಿನಿಂದ ಎಂದಷ್ಟೇ ಹಾಕಿದ್ದರು. ನಸೀರುದ್ದೀನ ಓದಿಸಿಕೊಂಡು ಕೇಳಿ, ಬೇಡವೆಂದರು.

"ನನ್ನ ಹೆಸರು ಬರೀರಿ ಮೇಡಮ್ಮ. ಜ್ವರ ಬಿಟ್ಟು ಬಂದ ನಸೀರುದ್ದೀನ ಇಂಥಾ ಮೂರಕ್ಕ ತಪ್ಪ ಹಚ್ಯಾನ, ಉಳಿದ ನೂರಾ ಒಂಬತ್ತು ಬರೋಬರಿ ಅದಾವ ಅಂತ. ಯಾರೋ ಹಚ್ಚಿದ್ರು ಅಂತ ಬರದ್ರ ಎಲ್ಲಾ ಸುಣ್ಣದ ಮ್ಯಾಲೆ ಸಂಶೆ ಬರತದ."

"ನಿಮ್ಮ ಕೆಲಸಕ್ಕ ತ್ರಾಸ ಆಗಬಹುದು, ಕಾಕಾ."

"ಆಗ್ಲಿ. ಗುಡ್ಡಕ್ಕ ಆಗಬಾರದು."

ಹಾಗೆಯೇ ಬರೆದರು. ಕೆಲಸದ ವಿಷಯದಲ್ಲಿ ಮೇಲಿನಿಂದ ಇನ್ನೂ ಯಾವ ಉತ್ತರವೂ ಬಂದಿಲ್ಲ. ಬರುವವರೆಗೆ ಅವರು ಹೋಗುತ್ತಲೇ ಇದ್ದಾರೆ. ತಿಮ್ಮಣ್ಣನನ್ನು ಲೇಔಟಿನವರು ಆ ವಾರವೇ ಬಿಡಿಸಿದರು. ಹೋಗುವ ಮುನ್ನ ಅವನು ಇನ್ನೆರಡು ಕಲ್ಲುಗಳ ಮಸಿ ತೊಳೆದು, ನಲವತ್ತೆರಡರ ಬುಡದಲ್ಲಿ ಇಟ್ಟು ಹೋಗಿದ್ದ. ಶೆಡ್ಡು ಈಗ ಖಾಲಿ. ಅದರ ಮುಂದೆ ಹಾದುಹೋಗುವಾಗ ನಸೀರುದ್ದೀನ ನಡಿಗೆ ನಿಧಾನ ಮಾಡುತ್ತಾರೆ, ನಿಲ್ಲುವುದಿಲ್ಲ.

ನಿಮಗೇನಾದರೂ ಬೇಕೇ ಎಂದು ಕೊನೆಯಲ್ಲಿ ಕೇಳಿದೆ. ಬೂಟು, ಟಾರ್ಚು, ಕಾಯಂ ನೌಕರಿ ಎಂದಾರು ಎಂದುಕೊಂಡಿದ್ದೆ. ಅವರು ಕುಂಚ ಹಿಂಡಿ ಕ್ಯಾನಿನ ಬಾಯಿಗೆ ಅಡ್ಡ ಇಟ್ಟರು.

"ಇನ್ನೊಬ್ಬಾವ ಬೇಕ್ರಿ ಅಮ್ಮಾರ. ಕೆಲಸಕ್ಕಲ್ಲ, ಸುಣ್ಣ ನಾನs ಹೊರತೀನಿ. ಸುಮ್ನ ಜೋಡಿ ಇದ್ರ ಸಾಕು. ನಾ ತಪ್ಪ ಕಲ್ಲಿಗೆ ಕೈ ಹಾಕಿದಾಗ, 'ಏ ನಸೀರ್, ಅದು ನಮ್ಮದಲ್ಲೋ ಮಾರಾಯಾ' ಅನ್ನಾಕ."