ಎಕೋ ಮೊದಲೋ, ಗೊಗ್ಗರ ಮೊದಲೋ

ಎರಡು ಡಬ್ಬಿಗಳ ಸಲುವಾಗಿ ಜೀವದ ಗೆಳೆಯನ ಜೊತೆ ಹದಿನಾಲ್ಕು ವರ್ಷ ಮಾತು ಬಿಟ್ಟಿದ್ದೆ ಅಂದರೆ ನಗುವವರೇ ಹೆಚ್ಚು. ನಗಲಿ. ಹೊಲದ ಬದುವಿನ ಸಲುವಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಬೈಲಹೊಂಗಲದಲ್ಲಿ ಓಣಿಗೆ ನಾಲ್ಕು ಮಂದಿ ಸಿಗುತ್ತಾರೆ, ಅವರನ್ನು ನೋಡಿ ಯಾರೂ ನಗುವುದಿಲ್ಲ. ನಮ್ಮದೂ ಅಂಥದೇ ತಂಟೆ. ಹೊಲ ಮಾತ್ರ ಒಂದು ಮಣೆಯಷ್ಟು ಅಗಲದ್ದು.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮದುವೆಯ ಸೀಜನ್ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದೆ. ಗೆಳೆಯ ಕಿತ್ತೂರಿನವನು, ಅಲ್ಲಿ ಅವನದೊಂದು ಮೈಕ್ ಸೆಟ್ಟಿನ ಅಂಗಡಿ. ನಮ್ಮ ಆರ್ಕೆಸ್ಟ್ರಾದ ಸ್ಪೀಕರು, ಮೈಕು, ಮಿಕ್ಸರು ಎಲ್ಲ ಅವನವೇ, ಮಿಕ್ಸರಿನ ಹಿಂದೆ ಕೂರುವವನೂ ಅವನೇ. ಟೆಂಪೋದಲ್ಲಿ ಸ್ಪೀಕರ್ ಬಾಕ್ಸಿನ ಮೇಲೆ ಕುಳಿತು ಸವದತ್ತಿ, ಚಚಡಿ, ರಾಮದುರ್ಗ ಅಂತ ತಿರುಗುತ್ತಿದ್ದೆವು. ದಾರಿಯುದ್ದಕ್ಕೂ ಚುರುಮರಿ ತಿನ್ನುತ್ತ ನಾವಿಬ್ಬರೂ ಜಗಳಾಡುವುದು, ಉಳಿದವರು ನಿದ್ದೆ ಮಾಡುವುದು. ಈಗ ಯಾರದೋ ಕಾರಿನಲ್ಲಿ ಅದೇ ದಾರಿ ಹಿಡಿದು ಹೋದರೂ ಆ ಸುಖ ಇಲ್ಲ.

ಜಗಳ ಯಾವುದರದೆಂದು ಹೇಳಬೇಕು. ಗಿಟಾರಿನ ವಾಯರು ನೇರವಾಗಿ ಸ್ಪೀಕರಿಗೆ ಹೋದರೆ ಧ್ವನಿ ಸಪ್ಪೆ. ಅದಕ್ಕೆ ನಡುವೆ ಸಣ್ಣ ಸಣ್ಣ ಪೆಡಲುಗಳನ್ನು ಇಡುತ್ತಾರೆ, ಕಾಲಿಂದ ಒತ್ತಿದರೆ ಚಾಲೂ ಆಗುತ್ತವೆ. ನಾವು ಅವಕ್ಕೆ ಡಬ್ಬಿ ಅನ್ನುತ್ತಿದ್ದೆವು. ಧ್ವನಿ ಒಂದು ಡಬ್ಬಿಯೊಳಗೆ ಹೊಕ್ಕು ಹೊರಬಂದು ಮುಂದಿನದಕ್ಕೆ ಹೋಗುತ್ತದೆ. ನನ್ನ ಹತ್ತಿರ ಐದು ಇದ್ದವು. ಮೂರರ ಬಗ್ಗೆ ತಕರಾರಿರಲಿಲ್ಲ. ಉಳಿದ ಎರಡರಲ್ಲಿ ಒಂದು ಗಿಟಾರಿನ ಗಂಟಲು ಒಡೆಸಿ ಗೊಗ್ಗರು ಮಾಡುವಂಥದು, ಅದು ಗೊಗ್ಗರ ಡಬ್ಬಿ. ಇನ್ನೊಂದು ಬಾರಿಸಿದ್ದನ್ನೇ ಮತ್ತೆ ಮತ್ತೆ ಅನ್ನುವಂಥದು, ಎಕೋ.

ಯಾವುದು ಮೊದಲಾದರೇನು ಅನ್ನಬೇಡಿ. ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿ ಆಮೇಲೆ ಖಾರದ ಪುಡಿ ಹಾಕುವುದು ಬೇರೆ, ಖಾರದ ಪುಡಿ ಹಾಕಿ ಆಮೇಲೆ ಬೆಳ್ಳುಳ್ಳಿ ಹಾಕುವುದು ಬೇರೆ. ಸಾಮಾನು ಅವೇ, ತಿಂದವರ ಮುಖ ಬೇರೆ.

ಗೊಗ್ಗರ ಡಬ್ಬಿಯ ಜೊತೆ ಒಂದು ಸಣ್ಣ ಪುಸ್ತಕ ಬಂದಿತ್ತು. ಗೊಗ್ಗರ ಮೊದಲು, ಎಕೋ ಆಮೇಲೆ ಎಂದು ಅದರಲ್ಲಿ ಚಿತ್ರ ಸಮೇತ ಬರೆದಿತ್ತು. ನಾನು ಮಾಸ್ತರ, ಪುಸ್ತಕದಲ್ಲಿದ್ದದ್ದು ನನಗೆ ಪ್ರಮಾಣ. ಆ ಪ್ರಕಾರವೇ ಡಬ್ಬಿಗಳನ್ನು ಒಂದು ಊಟದ ಮಣೆಯ ಮೇಲೆ ಸಾಲಾಗಿ ಕೂರಿಸಿದ್ದೆ. ಮಣೆ ಅವ್ವನದು. ಕೇಳಿದಾಗ ಅವಳು, "ಉಣ್ಣಾಕ ಕುಂಡ್ರೂ ಮಣಿ ಮ್ಯಾಲೆ ಕಾಲ ಇಡತೀ ಏನೋ ಭಾಡ್ಯಾ?" ಅಂತ ಬೈದು, ಮೂಲೆ ಸೀಳಿದ್ದ ಹಳೆಯದೊಂದನ್ನು ಕೊಟ್ಟಿದ್ದಳು. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹೋಗುವ ಗೇಣುದ್ದದ ವಾಯರುಗಳನ್ನು ಗೆಳೆಯ ತನ್ನ ಕೈಯಾರೆ ಬೆಸುಗೆ ಹಾಕಿ ಮಾಡಿಕೊಟ್ಟಿದ್ದ. ಅವನು ಹಾಕಿದ ಬೆಸುಗೆ ಒಂದೂ ಬಿಟ್ಟದ್ದು ನನಗೆ ನೆನಪಿಲ್ಲ.

ಆದರೆ ನಾನು ಕೂರಿಸಿದ ಸಾಲು ಅವನಿಗೆ ಹಿಡಿಸಿರಲಿಲ್ಲ. "ಎಕೋ ಮೊದಲ ಹಚ್ಚು, ಗೊಗ್ಗರ ಆಮ್ಯಾಲೆ," ಅನ್ನುವವನು.

"ಬುಕ್ಕಿನ್ಯಾಗ ಹಂಗಿಲ್ಲ."

"ಬುಕ್ ಬರದಾಂವ ನಮ್ಮ ಕಲ್ಯಾಣ ಮಂಟಪ ನೋಡ್ಯಾನೇನ? ಮ್ಯಾಲೆ ತಗಡು, ಸುತ್ತಾ ಗ್ವಾಡಿ. ಮಂಟಪನ ಎಕೋ ಹೊಡೀತೈತಿ. ಅದರಾಗ ನಿಂದೊಂದು ಚೊಕ್ಕ ಎಕೋ ಬ್ಯಾರೆ. ಹಾಡೂ ತಂಗೀ ಮಾತ ತಿಳೂದಿಲ್ಲ."

"ಹಿಂದ ಮುಂದ ಮಾಡಿದ್ರ ಎಲ್ಲಾ ಕಲಸಿ ರಾಡಿ ಆಕ್ಕೈತಿ."

"ಆಗೂದಿಲ್ಲೋ. ಕೇಳರ ಕೇಳು."

ಯಾಕೆ ಆಗುವುದಿಲ್ಲ ಅಂತ ಅವನಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಕೈಯನ್ನು ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸಿ, "ಹಿಂಗ ಬರತೈತಿ ನೋಡು," ಅನ್ನುತ್ತಿದ್ದ. ಹಾಗೆಂದರೆ ಹೇಗೆ? ಬರೆದದ್ದನ್ನು ಬಿಟ್ಟು ಕೈ ಆಡಿಸಿದ್ದನ್ನು ನಂಬುವ ಪೈಕಿ ನಾನಲ್ಲ. ಒಂದು ಸಲವೂ ಅವನು ಹೇಳಿದಂತೆ ಹಚ್ಚಿ ನೋಡಲಿಲ್ಲ. ಅಷ್ಟು ಹಟ ನನ್ನದು.

ರಾಮದುರ್ಗದ ಆ ಮದುವೆಯಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ವಧುವರರ ತಲೆಗೆ ಅಕ್ಕಿಕಾಳು ಬಿದ್ದು, ಒಂದು ಕಡೆ ಪಂಕ್ತಿ ಕುಳಿತಿತ್ತು, ಇನ್ನೊಂದು ಕಡೆ ನಮ್ಮ ಸ್ಟೇಜು. ನಾನು ಮೊದಲ ಪಂಕ್ತಿಯಲ್ಲೇ ಉಂಡು, ಕೈ ಒರೆಸಿಕೊಳ್ಳುತ್ತ ಬಂದು ಗಿಟಾರ್ ಕೊರಳಿಗೆ ಹಾಕಿಕೊಂಡೆ. ಹಳೆಯದೊಂದು ಯುಗಳ ಗೀತೆ, ಶುರುವಿನ ತುಣುಕು ಗಿಟಾರಿನದು. ಬಾರಿಸಿದೆ. ಧ್ವನಿ ನನ್ನದಲ್ಲ! ಬಗ್ಗಿ ನೋಡಿದರೆ ಮಣೆಯ ಮೇಲೆ ಎಕೋ ಮುಂದೆ ಬಂದು ಕೂತಿದೆ, ಗೊಗ್ಗರ ಹಿಂದೆ ಹೋಗಿದೆ. ನಾನು ಉಣ್ಣಲು ಹೋದಾಗ ಅವನು ಅದಲುಬದಲು ಮಾಡಿದ್ದ.

ತುಣುಕು ಮುಗಿಯುವವರೆಗೂ ತಾಳಲಿಲ್ಲ ನಾನು. ಬಗ್ಗಿದವನೇ ವಾಯರು ಕಿತ್ತೆ. ಎಲ್ಲ ಚಾಲೂ ಇದ್ದಾಗ ಹಾಗೆ ಕೀಳಬಾರದು ಅಂತ ಗೊತ್ತಿದ್ದೂ ಕಿತ್ತೆ. ನಾಲ್ಕೂ ಸ್ಪೀಕರುಗಳಿಂದ ಢಮ್ ಅಂತ ಸಿಡಿದಂಥ ಸಪ್ಪಳ ಬಂತು. ಬಡಿಸುವವನ ಕೈಯಿಂದ ಹುಗ್ಗಿಯ ಸೌಟು ಬಿತ್ತು. ಎಲ್ಲೋ ಒಂದು ಕೂಸು ಕಿಟಾರನೆ ಚೀರಿತು. ಊಟ ಮಾಡುತ್ತಿದ್ದವರೆಲ್ಲ ಸ್ಟೇಜಿನ ಕಡೆ ತಿರುಗಿದರು. ಆಗ ನಾನು ನಾಲಿಗೆ ಹರಿಬಿಟ್ಟೆ.

"ವಾಯರ್ ಸುತ್ತೋ ಮಂದಿ ವಾಯರ್ ಸುತ್ತಕೋತ ಇರಬೇಕು. ಬಾರಸೂದರಾಗ ಕೈ ಹಾಕಬಾರದು."

ಹಾಡುವವಳ ಮೈಕು ನನ್ನ ಬಾಯಿಯ ಮುಂದೇ ಇತ್ತು. ಮಾತು ಅಷ್ಟೂ ಮಂಟಪಕ್ಕೆ ಕೇಳಿಸಿತು, ಅವನವೇ ಸ್ಪೀಕರುಗಳಿಂದ. ಮಿಕ್ಸರಿನ ಹಿಂದೆ ಕೂತಿದ್ದ ಅವನ ಬೆರಳು ಆ ಮೈಕಿನ ಗುಂಡಿಯ ಮೇಲೇ ಇತ್ತು. ಧ್ವನಿ ಇಳಿಸಬಹುದಿತ್ತು. ಇಳಿಸಲಿಲ್ಲ. ಪಂಕ್ತಿಯಲ್ಲಿ ಯಾರೋ ನಕ್ಕರು.

ಅವನು ಕಾರ್ಯಕ್ರಮ ಪೂರ್ತಿ ಮುಗಿಸಿಕೊಟ್ಟ. ಎಂದಿನಂತೆ ಹೆಬ್ಬೆರಳಿಗೂ ಮೊಣಕೈಗೂ ವಾಯರು ಸುತ್ತಿ ಸುತ್ತಿ ಕಟ್ಟಿಟ್ಟ. ಬೈಲಹೊಂಗಲ ಬಂದಾಗ ನನ್ನ ಗಿಟಾರನ್ನೂ ಮಣೆಯನ್ನೂ ಜೋಪಾನವಾಗಿ ಇಳಿಸಿಕೊಟ್ಟ. ಮುಂದಿನ ಕಾರ್ಯಕ್ರಮಕ್ಕೆ ಮಿಕ್ಸರು ಬಂತು, ಅದರ ಹಿಂದೆ ಬೇರೆ ಯಾರೋ ಬಂದರು.

ಎಂಟು ದಿನಕ್ಕೆ ಸಿಟ್ಟು ಇಳಿಯುತ್ತದೆ, ತಾನೇ ಬರುತ್ತಾನೆ ಅಂದುಕೊಂಡೆ. ಬರಲಿಲ್ಲ. ನಾನಾದರೂ ಯಾಕೆ ಹೋಗಲಿ, ಡಬ್ಬಿ ಮುಟ್ಟಿದವನು ಅವನಲ್ಲವೇ ಅಂತ ಬಿಗಿದುಕೊಂಡು ಕೂತೆ. ಅಷ್ಟರಲ್ಲಿ ಡಿಜೆ ಬಂತು, ಆರ್ಕೆಸ್ಟ್ರಾ ಚದುರಿತು. ಒಮ್ಮೆ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಎದುರಾದೆವು. ಇಬ್ಬರೂ ಬಸ್ಸಿನ ವೇಳೆ ಬರೆದ ಬೋರ್ಡನ್ನು ಬಹಳ ಹೊತ್ತು ಓದಿದೆವು. ನಾನು ಹೋಗಬೇಕಾಗಿದ್ದದ್ದು ಮನೆಗೆ, ನಡೆದುಕೊಂಡು.

ಹೋದ ಬೇಸಿಗೆ ರಜೆಯಲ್ಲಿ ಅಟ್ಟ ಸ್ವಚ್ಛ ಮಾಡುವಾಗ ಮಣೆ ಸಿಕ್ಕಿತು. ಧೂಳು ಒರೆಸಿ, ಡಬ್ಬಿ ಬಿಚ್ಚಿ, ಮತ್ತೆ ಜೋಡಿಸಿದೆ. ಕಣ್ಣಿನ ಚಾಳೀಸು ಎಲ್ಲೋ ಇಟ್ಟು ಮರೆತಿದ್ದೆ, ಅಂದಾಜಿನ ಮೇಲೆ ವಾಯರು ಚುಚ್ಚುತ್ತ ಹೋದೆ. ಮನೆಯ ಹಳೆಯ ಸ್ಪೀಕರಿಗೆ ಗಿಟಾರ್ ಹಚ್ಚಿ ಕೈಗೆ ಬಂದ ತುಣುಕು ಬಾರಿಸಿದೆ. ಕೈಗೆ ಬಂದದ್ದು ಆ ಯುಗಳ ಗೀತೆಯದೇ.

ಬಾರಿಸುವಷ್ಟು ಹೊತ್ತು ಎಕೋ ಇದೆಯೆಂದೇ ಅನ್ನಿಸಲಿಲ್ಲ. ಕೈ ನಿಲ್ಲಿಸಿದೆ. ಆಗ ಅದು ಮೆಲ್ಲಗೆ ಕೆಳಗಿಂದ ಎದ್ದು ಬಂತು. ನಾನು ಆಡುವವರೆಗೂ ಬಾಯಿ ಮುಚ್ಚಿಕೊಂಡಿದ್ದು, ನಾನು ಸುಮ್ಮನಾದ ಮೇಲೆ ಹೂಂಗುಟ್ಟುವ ಹಾಗೆ. ಮತ್ತೆ ಬಾರಿಸಿದರೆ ಮತ್ತೆ ಅಡಗುತ್ತದೆ. ಹಾಡುವವರ ಒಂದು ಶಬ್ದವನ್ನೂ ಮುಚ್ಚದೆ, ಅವರು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಮಾತ್ರ ತುಂಬಿಕೊಳ್ಳುವಂಥ ಧ್ವನಿ. ಅವನು ಗಾಳಿಯಲ್ಲಿ ಕೈ ಮೇಲೆ ಕೆಳಗೆ ಆಡಿಸಿ ತೋರಿಸುತ್ತಿದ್ದದ್ದು ಇದನ್ನೇ.

ಬಗ್ಗಿ ನೋಡಿದೆ. ಹೌದು, ಎಕೋ ಮೊದಲು, ಗೊಗ್ಗರ ಆಮೇಲೆ.

"ಇನ್ನೊಮ್ಮೆ ಬಾರಸ್ರಿ, ಈಗ ಚಲೋ ಕೇಳಿಸ್ತು," ಅಂತ ಹೆಂಡತಿ ಅಡುಗೆಮನೆಯಿಂದ ಕೂಗಿದಳು. ನಾನು ಗಿಟಾರ್ ಕೆಳಗಿಟ್ಟೆ. ನಾಚಿಕೆಯಾಯಿತು. ಅವನ ಮಾತನ್ನು ಒಂದೇ ಒಂದು ಸಲ ಪರೀಕ್ಷೆ ಮಾಡಿದ್ದರೂ ಸಾಕಿತ್ತು. ನಾನು ಮಾಡಿದ್ದು ಅಷ್ಟು ಮಂದಿಯ ಮುಂದೆ ಅವನನ್ನು ಸಣ್ಣವನನ್ನಾಗಿ ಮಾಡುವ ಕೆಲಸ.

ಹೆಂಡತಿಗೆ ಹೇಳಿದೆ. "ಫೋನ್ ಹಚ್ಚಿ ಹೇಳ್ರಿ ಮತ್ತ," ಅಂದಳು.

"ಫೋನಿನ್ಯಾಗ ಹೇಳೂದಲ್ಲ ಅದು. ಆಂವಗ ಕೇಳಸಬೇಕು, ಆಮ್ಯಾಲೆ ಹೇಳಬೇಕು."

"ಹಂಗಾರ ನಾಳೆ ಬಸ್ ಹತ್ರಿ. ನೀವು ಹದಿನಾಲ್ಕು ವರ್ಷ ಸುಮ್ಮನ ಕುಂತದ್ದ ಸಾಕು."

ಮಣೆಯನ್ನು ಗೋಣಿಚೀಲದಲ್ಲಿ ಸುತ್ತಿ, ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಕಿತ್ತೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಒಳಗೇ ಆಡಿಕೊಂಡೆ. ಮೆಲ್ಲಗೆ, ಇಬ್ಬರೇ ಇದ್ದಾಗ, ಅವನ ಹತ್ತಿರ ಕುಳಿತು ಹೇಳುವುದೆಂದು ಠರಾಯಿಸಿದ್ದೆ. ಅವನು ಮುಖ ತಿರುಗಿಸಿದರೆ ಏನು ಮಾಡುವುದು ಅಂತ ಮಾತ್ರ ತಿಳಿಯಲಿಲ್ಲ.

ಅಂಗಡಿಯಲ್ಲಿ ಆಳೆತ್ತರದ ಡಿಜೆ ಬಾಕ್ಸುಗಳು ನಿಂತಿದ್ದವು. ಅವನು ಬೆನ್ನು ಮಾಡಿ ಕುಳಿತು ಏನೋ ಬಿಚ್ಚುತ್ತಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು. ಬಾಗಿಲಲ್ಲಿ ನಿಂತು, "ದೋಸ್ತಾ," ಅಂದೆ. ತಿರುಗಲಿಲ್ಲ. ಇನ್ನೊಮ್ಮೆ ಅಂದೆ. ತಿರುಗಲಿಲ್ಲ. ಇನ್ನೂ ಸಿಟ್ಟಿದೆ, ಇರಬೇಕಾದದ್ದೇ, ಅಂದುಕೊಂಡೆ. ಮೂರನೇ ಸಲವೂ ಅಲುಗಾಡದಿದ್ದಾಗ ಚೀಲ ಎತ್ತಿಕೊಂಡೆ, ವಾಪಸು ಹೋಗುವುದೆಂದು. ಅಷ್ಟರಲ್ಲಿ ಸ್ಕ್ರೂಡ್ರೈವರಿಗೆ ಕೈ ಚಾಚಲು ಹೊರಳಿದವನು ನನ್ನನ್ನು ನೋಡಿದ.

"ಲೇ ಮಾಸ್ತರ! ಯಾವಾಗ ಬಂದಿ? ಹೊರಗ್ಯಾಕ ನಿಂತಿ, ಒದರಬಾರದೇನ?"

ಅವನ ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಎದ್ದು ಬಂದು ಚೀಲ ಇಸಿದುಕೊಂಡ, ಎದುರಿನ ಚಹಾದ ಅಂಗಡಿಗೆ ಎರಡು ಬೆರಳು ತೋರಿಸಿದ. ಮಣೆ ಹೊರತೆಗೆದಾಗ, "ಇನ್ನೂ ಇಟ್ಟೀಯೇನ ಇದನ್ನ?" ಅಂತ ತಾನು ಬೆಸೆದ ವಾಯರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

ಅವನದೇ ಒಂದು ಸ್ಪೀಕರಿಗೆ ಹಚ್ಚಿ, ಮೊದಲು ಪುಸ್ತಕದ ಪ್ರಕಾರ ತುಣುಕು ಬಾರಿಸಿದೆ. ಆಮೇಲೆ ಎಲ್ಲ ಬಂದ್ ಮಾಡಿ, ಡಬ್ಬಿ ಅದಲುಬದಲು ಮಾಡಿ, ಅವನ ಪ್ರಕಾರ ಬಾರಿಸಿದೆ. ಕೈ ನಿಲ್ಲಿಸಿದಾಗ ಎಕೋ ಎದ್ದು ಬಂತು, ಮನೆಯಲ್ಲಿ ಬಂದದ್ದಕ್ಕಿಂತ ಚೆನ್ನಾಗಿ. ಅವನು ನನ್ನ ಬೆರಳುಗಳನ್ನೇ ನೋಡುತ್ತಿದ್ದ.

"ಎರಡೂ ಒಂದ ನಮೂನಿ ಕೇಳಸ್ತಾವೋ ನನಗ," ಅಂದ.

ಚೇಷ್ಟೆ ಮಾಡುತ್ತಿದ್ದಾನೆ ಅಂತ ನಕ್ಕೆ. ಅವನು ನಗಲಿಲ್ಲ. ಎಡಗಿವಿ ಮುಟ್ಟಿ ತೋರಿಸಿದ. "ಇದು ಪೂರಾ ಹೋಗಿ ನಾಕೈದ ವರ್ಷಾತು. ಈ ಕಡೀದರಾಗ ದಪ್ಪ ಸಪ್ಪಳ ಅಷ್ಟ ಬರತೈತಿ. ಡಿಜೆ ಬಾಕ್ಸ್ ಮುಂದ ನಿಂತು ನಿಂತು ಹಿಂಗಾತು. ಮಿಕ್ಸರಿಗೆ ಈಗ ಬ್ಯಾರೆದಾವ ಕುಂಡ್ರತಾನ. ನಾ ವಾಯರ್ ಅಷ್ಟ ನೋಡತೇನಿ."

ನನಗೆ ಅಳು ಬಂತು. ಇಡೀ ತಾಲೂಕಿನಲ್ಲಿ ಈ ಎರಡು ಡಬ್ಬಿಗಳ ಹಿಂದುಮುಂದು ತಿಳಿಯುತ್ತಿದ್ದ ಕಿವಿ ಅವನದೊಂದೇ. ಅದಕ್ಕೆ ಕೇಳಿಸಲೆಂದು ನಾನು ಬಂದಿದ್ದೆ, ನಾಲ್ಕಾರು ವರ್ಷ ತಡಮಾಡಿ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತಾದರೂ ಹೇಳಬೇಕಿತ್ತು. ಅವನ ಹತ್ತಿರ ಸರಿದು ಮೆಲ್ಲಗೆ ಹೇಳಿದೆ.

"ಏನಂದಿ?" ಅಂದ.

ಇನ್ನೊಮ್ಮೆ ಹೇಳಿದೆ.

"ತುಟಿ ನೋಡಿದ್ರ ಅರ್ಧಾ ತಿಳೀತೈತಿ. ನಿನ್ನ ಮೀಸಿ ಅಡ್ಡ ಬರತೈತಿ. ಜೋರ ಅನ್ನಲೇ."

ಚಹಾ ಕೊಡಲು ಬಂದವನು ಕಪ್ಪು ಹಿಡಿದು ಬಾಗಿಲಲ್ಲೇ ನಿಂತಿದ್ದ. ರಸ್ತೆಯಾಚೆ ನಾಲ್ಕೈದು ಮಂದಿ ಬೆಂಚಿನ ಮೇಲೆ ಕುಳಿತಿದ್ದರು. ಪಕ್ಕದ ಸೈಕಲ್ ಅಂಗಡಿಯವನು ಗಾಳಿ ತುಂಬುವುದನ್ನು ಬಿಟ್ಟು ನಮ್ಮ ಕಡೆ ನೋಡುತ್ತಿದ್ದ. ನಾನು ಎದ್ದು ನಿಂತು ಗಂಟಲು ಹರಿಯುವಂತೆ ಒದರಿದೆ.

"ರಾಮದುರ್ಗದಾಗ ನೀ ಮಾಡಿದ್ದು ಖರೆ ಇತ್ತು! ನಾ ನಿನಗ ಹಂಗ ಅಂದದ್ದು ತಪ್ಪಾತು!"

ಬೆಂಚಿನ ಮೇಲಿನವರೆಲ್ಲ ಇತ್ತ ತಿರುಗಿದರು. ಅವನು ತಲೆ ತಗ್ಗಿಸಿ, ಬೆರಳಿಂದ ಮಣೆಯ ಮೇಲಿನ ಧೂಳು ಒರೆಸುತ್ತ ಕೂತ. ಆಮೇಲೆ ಮುಖ ಎತ್ತಿದ. ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ನಗುತ್ತಿತ್ತು.

"ಕೇಳಿಸ್ತು," ಅಂದ. ನಾನು ಕೂರಲು ಹೋದೆ. ಕೈ ಹಿಡಿದು ನಿಲ್ಲಿಸಿದ. "ಇನ್ನೊಮ್ಮೆ ಒದರು."

ನಾನು ಇನ್ನೊಮ್ಮೆ ಒದರಿದೆ.